ನೀರಿನ ಮೇಲಣ ವೇಗ: ಒಂದು ವಾಲ್ವಿನ ಚರಿತ್ರೆ

೧೯೩೦ನೆಯ ಇಸವಿ ಜೂನ್ ತಿಂಗಳ ೧೩ನೆಯ ತಾರೀಖು ಶುಕ್ರವಾರ. ಇಂಗ್ಲೆಂಡಿನ ಉತ್ತರಭಾಗದಲ್ಲಿರುವ ವಿಂಡರ್‌ಮಿಯರ್ ಸರೋವರದ ಮೇಲೆ ಸರ್ ಹೆನ್ರಿ ಸೀಗ್ರೇವ್ ಎಂಬಾತನು ‘ಮಿಸ್ ಇಂಗ್ಲೆಂಡ್ ೨’ ಎಂಬ ದೋಣಿಯನ್ನು ಓಡಿಸಿದನು. ನೆಲದ ಮೇಲೆ ಮೋಟಾರು ಗಾಡಿಯನ್ನು ಗಂಟೆಗೆ ೨೩೧ ಮೈಲಿಗೆ ಮಿಗಿಲಾದ ವೇಗದಲ್ಲಿ ಓಡಿಸಿ ಹಿಂದಿನ ವರ್ಷವೇ ಜಗತ್ತನ್ನು ಬೆರಗುಗೊಳಿಸಿದ್ದವನು ಇವನು. ನೀರಿನ ವೇಗದ ಕೀರ್ತಿಯಾದರೋ ಆಗ ಅಮೆರಿಕದ ಗಾರ್ ವುಡ್ಡನ ಕೈಯಲ್ಲಿತ್ತು. ಆತನು ಸಾಧಿಸಿದ್ದುದು ಗಂಟೆಗೆ ೯೩.೧೨ ಮೈಲಿ. ಸೀಗ್ರೇವನು ಹೋಗುತ್ತೊಮ್ಮೆ ಬರುತ್ತೊಮ್ಮೆ ಎರಡು ಓಟಗಳನ್ನು ಓಡಿ, ಸರಾಸರಿ ೯೮.೭೬ ಮೈಲಿಯ ವೇಗವನ್ನು ಪಡೆದು, ಆ ಕೀರ್ತಿಯನ್ನು ಕಸಿದುಕೊಂಡನು. ಅಷ್ಟಕ್ಕೇ ನಿಲ್ಲದೆ ಮೂರನೆಯ ಓಟಕ್ಕೆ ತೊಡಗಿದನು. ದೋಣಿಯು ತಲೆಕೆಳಗಾಯಿತು. ನೀರಿನಲ್ಲಿ ತೇಲುತ್ತಿದ್ದ ಯಾವುದೋ ಮರದ ತುಂಡಿಗೆ ತಗುಲಿರಬೇಕೆಂದು ಅನುಮಾನ. ಸೀಗ್ರೇವನನ್ನು ದಡಕ್ಕೆ ತಂದಾಗ ಆತನಿಗೆ ಸ್ವಲ್ಪ ಪ್ರಜ್ಞೆ ಬಂದು, ತನ್ನ ಜೊತೆಗಾರರು ಏನಾದರೆಂದೂ ವೇಗದ ದಾಖಲೆ ದೊರೆಯಿತೇ ಎಂದೂ ಕೇಳಿದನೆಂದು ಹೇಳುತ್ತಾರೆ. ಅಂದೇ ಆತನು ತೀರಿಕೊಂಡನು. ಜೊತೆಯಲ್ಲಿದ್ದ ಇಬ್ಬರಲ್ಲಿ ವಿಲ್‌ಕಾಕ್ಸ್ ಎಂಬವನು ಗಾಯಗೊಂಡು ಉಳಿದನು. ವಿಕ್ಟರ್ ಹ್ಯಾಲಿವೆಲ್ ಎಂಬವನು ಉಳಿಯಲಿಲ್ಲ.

ಸೀಗ್ರೇವನ ಹೆಸರು ವೇಗದ ಚರಿತ್ರೆಗಳಲ್ಲೆಲ್ಲ ಉಂಟು. ಹ್ಯಾಲಿವೆಲ್ಲನ ಹೆಸರು ಅಡಿಬರಹದಲ್ಲಿ ಸಿಕ್ಕಿದರೆ ಅದೇ ಹೆಚ್ಚು. ಆತನು ರೋಲ್ಸ್-ರಾಯ್ಸ್ ಕಾರ್ಖಾನೆಯ ಎಂಜಿನಿಯರು. ದೋಣಿಯೊಳಗಿದ್ದ ಎರಡು ಎಂಜಿನುಗಳ ಯೋಗಕ್ಷೇಮವನ್ನು ನೋಡಿಕೊಳ್ಳುವುದಕ್ಕಾಗಿ ಅಂದು ಅದರಲ್ಲಿ ಕುಳಿತಿದ್ದನು. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಅಂದು ಸೋತದ್ದು ಎಂಜಿನಲ್ಲ, ದೋಣಿಯ ಒಡಲು. ಮುಳುಗಿದ ದೋಣಿಯನ್ನು ಮೇಲೆತ್ತಿ, ದುರಸ್ತುಮಾಡಿ, ಮುಂದಿನ ವರ್ಷವೇ ಕೇ ಡಾನ್ ಎಂಬ ಇನ್ನೊಬ್ಬ ಸಾಹಸಿಯು ಇಟಲಿಯ ಗಾರ್ಡಾ ಸರೋವರದಲ್ಲಿ ಅದನ್ನೇ ೧೧೦.೨೨ ಮೈಲಿಯ ವೇಗದಲ್ಲಿ ಓಡಿಸಿದನು. ಸಾಹಸಿಗಳ ಕಥೆಯನ್ನು ಹೇಳುವವರು ಬಹು ಮಂದಿ ಇದ್ದಾರೆ. ಹ್ಯಾಲಿವೆಲ್ಲನಂಥವರ ಕಣ್ಣು ಸದಾ ನೆಟ್ಟಿರುತ್ತಿದ್ದ ಒಂದು ಪುಟ್ಟ ಭಾಗದ ಕಥೆಯನ್ನು ನಾವು ಇಂದು ಹೇಳಬೇಕೆಂದಿದ್ದೇವೆ. ಅದು ಎಂಜಿನಿನ ಹೆಡ್ಡಿನಲ್ಲಿ ಕುಳಿತಿರುವ ವಾಲ್ವು.

ಮೋಟಾರಿನ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸಿಲಿಂಡರೆಂಬುದು ಒಂದು ಕೊಳವೆ. ಅದರೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಕೊಳವೆಯ ಮೇಲ್ಬಾಯಿಗೆ ಮುಚ್ಚಳವಾಗಿ ಕುಳಿತಿರುವುದೇ ಹೆಡ್ಡು. ಪೆಟ್ರೋಲು ಬೆರೆತ ಗಾಳಿಯು ಒಳಗೆ ಬರಬೇಕಾದರೆ ಒಂದು ಬಾಗಿಲು ಬೇಕು, ಉರಿದುಹೋದ ಅನಿಲವು ಹೊರಗೆ ಹೋಗಬೇಕಾದರೆ ಮತ್ತೊಂದು. ಈ ಬಾಗಿಲುಗಳೇ ವಾಲ್ವುಗಳು. ಆಕಾರದಲ್ಲಿ ನಾಯಿಕೊಡೆಯಂತೆ: ಅಗಲವಾದ ತಲೆ, ತೆಳ್ಳನೆಯ ಕಾಂಡ. ತಲೆಯ ಅಂಚು ಹೆಡ್ಡಿನಲ್ಲಿ ಕೊರೆದಿರುವ ಪೀಠದ ಮೇಲೆ ಕೂದಲೆಳೆಯ ಸಂದೂ ಇಲ್ಲದಂತೆ ಕೂಡಬೇಕು. ಬಲವಾದ ಸ್ಪ್ರಿಂಗು ಅದನ್ನು ಮುಚ್ಚಿ ಹಿಡಿದಿರುತ್ತದೆ. ತಿರುಗುವ ಕ್ಯಾಮು ಬೇಕಾದಾಗ ಅದುಮಿ ತೆರೆಯುತ್ತದೆ.

ಎಂಜಿನಿನ ಶಕ್ತಿಯನ್ನು ಹೆಚ್ಚಿಸಬೇಕೆಂಬವನು ಮಾಡಬೇಕಾದುದೇನು? ಹೆಚ್ಚು ಗಾಳಿಯನ್ನು ಒಳಗೆ ತುಂಬಬೇಕು. ಹೆಚ್ಚು ಪೆಟ್ರೋಲನ್ನು ಉರಿಸಬೇಕು. ಅದನ್ನು ಹೆಚ್ಚು ಸಲ ಮಾಡಬೇಕು. ಹೇಳುವುದು ಸುಲಭ. ಆದರೆ ಉರಿಸಿದುದರಲ್ಲಿ ಮೂರನೆಯ ಒಂದು ಪಾಲೂ ಕೆಲಸವಾಗಿ ಕೈಗೆ ಬರುವುದು ಕಷ್ಟ. ಮಿಕ್ಕದ್ದೆಲ್ಲ ಬರಿಯ ಕಾವು. ಶಕ್ತಿಯನ್ನು ಹುಟ್ಟಿಸುವುದು ಅಷ್ಟೇನೂ ದೊಡ್ಡ ವಿದ್ಯೆಯಲ್ಲ. ಅದರ ಬೆನ್ನಿಗೇ ಹುಟ್ಟುವ ಕಾವನ್ನು ಹೊರಕ್ಕೆ ಸಾಗಿಸುವುದೇ ವಿದ್ಯೆಯೆಂದು ನಮಗೆ ತೋರುತ್ತದೆ. ಹೆಡ್ಡನ್ನೂ ವಾಲ್ವನ್ನೂ ಉತ್ತಮಪಡಿಸಿದವರ ಚರಿತ್ರೆಯೆಲ್ಲ ಈ ಕಾವನ್ನು ಸಾಗಿಸುವ ಚರಿತ್ರೆಯೇ.

ಈ ಕಾವಿನ ಪೆಟ್ಟೆಲ್ಲ ಬೀಳುವುದು ಹೊರಬಾಗಿಲಿನ ವಾಲ್ವಿನ ಮೇಲೆ. ಒಳಬಾಗಿಲಿನ ವಾಲ್ವು ಪುಣ್ಯವಂತ. ಪ್ರತಿ ಸಲವೂ ತಣ್ಣನೆಯ ಗಾಳಿ ಅದರ ಮೈಮೇಲೆ ಹಾಯುತ್ತದೆ. ಹೊರಬಾಗಿಲಿನದಾದರೋ ಉರಿಯುವ ಅನಿಲದ ಪ್ರವಾಹದ ನಡುವೆ ನಿಲ್ಲಬೇಕು. ಅದರ ತಲೆಯು ೭೦೦ ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದು ಕೆಂಪಡರುತ್ತದೆ. ಆ ಕಾವು ಇಳಿದುಹೋಗಲು ಎರಡೇ ದಾರಿ: ಮುಚ್ಚಿಕೊಂಡಾಗ ಅಂಚಿನ ಮೂಲಕ ಪೀಠಕ್ಕೆ, ಇಲ್ಲವೆ ಕಾಂಡದ ಮೂಲಕ ಮೇಲಕ್ಕೆ. ಅಂಚಿನಲ್ಲಿ ಒಂದು ಚೂರು ಮಸಿ ಸಿಕ್ಕಿಕೊಂಡಿತೋ ಅಲ್ಲಿ ಅನಿಲ ಸೋರುತ್ತದೆ. ಸೋರಿದಲ್ಲಿ ಲೋಹ ಕರಗುತ್ತದೆ. ಕರಗಿದಷ್ಟೂ ಹೆಚ್ಚು ಸೋರುತ್ತದೆ. ಹೊಲದ ಬದುವಿನಲ್ಲಿ ಏಡಿ ಕೊರೆದ ತೂತು ಒಂದು ಮಳೆಗೆ ಕೋಡಿಯಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕಿಂತಲೂ ಕೆಟ್ಟದ್ದೊಂದುಂಟು. ಕೆಂಡವಾದ ವಾಲ್ವು ತಾನೇ ಕಿಡಿಯ ಕೆಲಸ ಮಾಡಿ, ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ಅನಿಲಕ್ಕೆ ಬೆಂಕಿಯಿಡುತ್ತದೆ. ಆಗ ಪಿಸ್ಟನ್ನಿನ ತಲೆ ತೂತಾಗಲು ಕೆಲವು ಕ್ಷಣಗಳು ಸಾಕು.

ನೀರಿನ ಮೇಲೆ ಈ ಕಷ್ಟ ಇಮ್ಮಡಿ. ಮೋಟಾರು ಗಾಡಿಗೆ ಇಳಿಜಾರುಂಟು. ವಿಮಾನಕ್ಕೆ ಮೇಲೇರಿದ ಮೇಲೆ ವಿಶ್ರಾಂತಿಯುಂಟು. ದೋಣಿಗೆ ಇಳಿಜಾರೆಂಬುದಿಲ್ಲ. ನೀರನ್ನು ಸೀಳುವಷ್ಟು ಹೊತ್ತೂ ಅದು ಬೆಟ್ಟವನ್ನು ಹತ್ತುತ್ತಲೇ ಇರುತ್ತದೆಯೆನ್ನಬಹುದು. ಅಲೆಯ ನೆತ್ತಿಯ ಮೇಲಿಂದ ದೋಣಿ ಹಾರಿದಾಗ ಪ್ರೊಪೆಲ್ಲರು ನೀರನ್ನು ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಹೊರೆ ಕಳಚಿದ ಎಂಜಿನು ಹುಚ್ಚು ವೇಗದಲ್ಲಿ ಸುತ್ತುತ್ತದೆ. ಸ್ಪ್ರಿಂಗು ವಾಲ್ವನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಾರದೆ ಹೋಗುತ್ತದೆ. ತೆರೆದ ವಾಲ್ವಿಗೂ ಮೇಲೇರಿದ ಪಿಸ್ಟನ್ನಿಗೂ ಡಿಕ್ಕಿಯಾಗುತ್ತದೆ. ಹೊಗೆಯ ಕೊಳವೆಯೊಳಗಿಂದ ನೀರು ಹಿಮ್ಮೆಟ್ಟಿ ಬಂದು ಕಾದ ವಾಲ್ವಿನ ಮೇಲೆ ಬಿದ್ದರೆ ಅದು ಬಿರುಕುಬಿಡುವುದೂ ಉಂಟು. ಉಪ್ಪುನೀರಾದರೆ ತುಕ್ಕು ಬೇರೆ.

ಮಿಸ್ ಇಂಗ್ಲೆಂಡಿನಲ್ಲಿದ್ದುದು ರೋಲ್ಸ್-ರಾಯ್ಸಿನ ‘ಆರ್’ ಎಂಬ ಎಂಜಿನು. ಅದನ್ನು ನಿರ್ಮಿಸಿದುದು ದೋಣಿಗಾಗಿ ಅಲ್ಲ. ನೀರಿನಿಂದಲೇ ಏರಿ ನೀರಿಗೇ ಇಳಿಯುವ ವಿಮಾನಗಳ ಷ್ನೈಡರ್ ಪಂದ್ಯಕ್ಕಾಗಿ. ಮುದುಕನಾಗಿ, ರೋಗಿಯಾಗಿ, ಸಮುದ್ರತೀರದ ವೆಸ್ಟ್ ವಿಟರಿಂಗ್ ಎಂಬ ಹಳ್ಳಿಯಲ್ಲಿದ್ದ ಸರ್ ಹೆನ್ರಿ ರಾಯ್ಸನು ೧೯೨೮ರಲ್ಲಿ ತನ್ನ ಎಂಜಿನಿಯರರೊಡನೆ ತಿರುಗಾಡುತ್ತ, ಮರಳಿನ ಮೇಲೆ ಊರುಗೋಲಿನಿಂದ ಅದರ ರೂಪರೇಖೆಯನ್ನು ಗೀಚಿ ತೋರಿಸಿದನೆಂದು ಪ್ರತೀತಿ. ಹನ್ನೆರಡು ಸಿಲಿಂಡರುಗಳು; ಒಂದೊಂದಕ್ಕೂ ನಾಲ್ಕು ವಾಲ್ವುಗಳು. ಒಂದು ದೊಡ್ಡ ವಾಲ್ವಿನ ಬದಲು ಎರಡು ಸಣ್ಣವನ್ನು ಇಟ್ಟರೆ ದಾರಿಯೂ ಅಗಲವಾಗುತ್ತದೆ, ಒಂದೊಂದರ ತೂಕವೂ ಇಳಿಯುತ್ತದೆ, ಕಾವು ತಲೆಯ ನಡುವಿನಿಂದ ಅಂಚಿಗೆ ಹರಿಯಬೇಕಾದ ದೂರವೂ ಕಡಮೆಯಾಗುತ್ತದೆ. ೧೯೨೯ರಲ್ಲಿ ಈ ಎಂಜಿನು ಸುಮಾರು ೧,೯೦೦ ಅಶ್ವಶಕ್ತಿಯನ್ನು ಕೊಟ್ಟಿತು. ೧೯೩೧ರ ಪಂದ್ಯಕ್ಕೆ ೨,೩೦೦ಕ್ಕೂ ಮೇಲೆ ಬೇಕೆಂದಾಯಿತು. ಸರಕಾರವು ಹಣ ಕೊಡಲು ಹಿಂಜರಿಯಲಾಗಿ ಲೇಡಿ ಹ್ಯೂಸ್ಟನ್ ಎಂಬ ಶ್ರೀಮಂತ ಮಹಿಳೆಯು ಒಂದು ಲಕ್ಷ ಪೌಂಡುಗಳನ್ನು ಕೊಟ್ಟಳು. ಆದರೆ ಹಣದಿಂದ ವಾಲ್ವು ತಣ್ಣಗಾಗುವುದಿಲ್ಲವಷ್ಟೆ.

ಇಲ್ಲಿ ನಾವು ಸ್ವಲ್ಪ ಹಿಂದಕ್ಕೂ ಅಟ್ಲಾಂಟಿಕ್ ಸಾಗರದ ಆಚೆಗೂ ಹೋಗಬೇಕು. ಸ್ಯಾಮ್ಯುಯಲ್ ಡಾಲ್ಜಿಯೆಲ್ ಹೆರಾನ್ ಎಂಬವನು ೧೮೯೧ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಹುಟ್ಟಿದವನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫಾರ್ನ್‌ಬರೋವಿನ ಸರಕಾರಿ ವಿಮಾನ ಕಾರ್ಖಾನೆಯಲ್ಲಿ ಪ್ರೊಫೆಸರ್ ಗಿಬ್ಸನ್ನನೊಡನೆ ಸಿಲಿಂಡರುಗಳ ಕಾವನ್ನು ಕುರಿತು ಪ್ರಯೋಗಗಳನ್ನು ನಡೆಸಿದನು. ಯುದ್ಧಾನಂತರ ೧೯೨೧ರಲ್ಲಿ ಅಮೆರಿಕಕ್ಕೆ ಹೋಗಿ, ಓಹಾಯೋ ಸಂಸ್ಥಾನದ ಡೇಟನ್ ನಗರದ ಸೈನ್ಯದ ಪ್ರಯೋಗಶಾಲೆಯಲ್ಲಿ ಅದೇ ಕೆಲಸವನ್ನು ಮುಂದುವರಿಸಿದನು. ೧೯೨೭ರ ಮೇ ತಿಂಗಳಲ್ಲಿ ಲಿಂಡ್‌ಬರ್ಗನು ಒಂಟಿಯಾಗಿ ಮೂವತ್ತಮೂರೂವರೆ ಗಂಟೆಗಳ ಕಾಲ ಹಾರಿ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಬಂದನಲ್ಲವೆ. ಆತನ ಎಂಜಿನು ನಡುದಾರಿಯಲ್ಲಿ ನಿಲ್ಲದಿದ್ದುದಕ್ಕೆ ಹೆರಾನನು ರೂಪಿಸಿದ ಸಿಲಿಂಡರೂ ಒಂದು ಕಾರಣ. ಅಂದು ಲಿಂಡ್‌ಬರ್ಗನನ್ನು ಹೊತ್ತು ಮೆರೆಸಿದ ಜನರಲ್ಲಿ ಹೆರಾನನ ಹೆಸರನ್ನು ಕೇಳಿದವರು ಎಷ್ಟು ಮಂದಿ?

ವಾಲ್ವಿನ ಕಾಂಡವನ್ನು ಟೊಳ್ಳು ಮಾಡಿ ಒಳಗೆ ಏನನ್ನಾದರೂ ದ್ರವವನ್ನು ತುಂಬಿದರೆ ಅದು ಕಾವನ್ನು ಹೊತ್ತು ಮೇಲಕ್ಕೆ ಸಾಗಿಸೀತೆಂಬ ಆಲೋಚನೆ ಹಳೆಯದು. ನೀರನ್ನು ತುಂಬಿದರೆ ಹಬೆಯ ಒತ್ತಡಕ್ಕೆ ವಾಲ್ವೇ ಸಿಡಿಯುವ ಭಯ. ಪಾದರಸವನ್ನು ತುಂಬಿ ನೋಡಿದುದುಂಟು. ಆದರೆ ಪಾದರಸವು ಉಕ್ಕಿಗೆ ಅಂಟುವುದಿಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಾಡುತ್ತದೆ. ಅಂಟದುದು ಕಾವನ್ನು ಹೇಗೆ ಹೀರೀತು? ಹೆರಾನನು ಮೊದಲು ಕರಗುವ ಲವಣಗಳನ್ನು ತುಂಬಿದನು. ಕಡೆಗೆ ಸೋಡಿಯಮ್ ಎಂಬ ಲೋಹಕ್ಕೆ ಬಂದನು. ಇದು ೯೮ ಡಿಗ್ರಿಗೆ ಕರಗುತ್ತದೆ, ಅಂದರೆ ಕುದಿಯುವ ನೀರಿನ ಕಾವಿಗೂ ಸ್ವಲ್ಪ ಕೆಳಗೆ; ೮೮೩ ಡಿಗ್ರಿಯವರೆಗೆ ಕುದಿಯುವುದಿಲ್ಲ. ಉಕ್ಕಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ತೂಕದಲ್ಲಿ ನೀರಿಗಿಂತಲೂ ಹಗುರ. ಟೊಳ್ಳಿನ ಅರ್ಧಕ್ಕಿಂತ ತುಸು ಹೆಚ್ಚಾಗಿ ಇದನ್ನು ತುಂಬಿ ಬಾಯನ್ನು ಭದ್ರವಾಗಿ ಮುಚ್ಚುತ್ತಾರೆ. ನೀರು ಸ್ವಲ್ಪ ಬತ್ತಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಳುಗುಳು ಎನ್ನುವುದಿಲ್ಲವೆ? ಅದೇ ರೀತಿ ವಾಲ್ವು ಮೇಲಕ್ಕೂ ಕೆಳಕ್ಕೂ ಕುಣಿದಂತೆಲ್ಲ ಕರಗಿದ ಸೋಡಿಯಮ್ಮು ಒಳಗೆ ಚಿಮ್ಮಿ, ತಲೆಯ ಕಾವನ್ನು ಕಾಂಡಕ್ಕೆ ದಾಟಿಸಿ, ಮತ್ತೆ ತಲೆಗೆ ಮರಳುತ್ತದೆ. ನಿಮಿಷಕ್ಕೆ ೩,೨೦೦ ಸುತ್ತು ಸುತ್ತುವ ಎಂಜಿನಿನಲ್ಲಿ ಒಂದೊಂದು ವಾಲ್ವೂ ೧,೬೦೦ ಸಲ ತೆರೆಯುತ್ತದೆ. ಸೆಕೆಂಡಿಗೆ ಸುಮಾರು ಇಪ್ಪತ್ತೇಳು ಸಲ. ಒಂದು ಗಂಟೆಗೆ ತೊಂಬತ್ತಾರು ಸಾವಿರ ಬಾರಿ ಈ ಕಡೆತ ನಡೆಯುತ್ತದೆ.

ಸೋಡಿಯಮ್ಮಿನ ಇನ್ನೊಂದು ಗುಣವನ್ನು ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಓದಿದವರು ಮರೆತಿರಲಾರರು. ನೀರು ಸೋಕಿದರೆ ಅದು ಸಿಡಿಮಿಡಿಗುಟ್ಟಿ ಉರಿಯುತ್ತದೆ. ಅಂಥ ಲೋಹವು ನೀರಿನ ಮೇಲೆ ಓಡುವ ದೋಣಿಯ ಎದೆಯೊಳಗೆ ತಂಪುಕಾರಿಯಾಗಿ ಕುಳಿತದ್ದು ಒಂದು ವಿನೋದವೇ ಸರಿ.

೧೯೩೧ರ ‘ಆರ್’ ಎಂಜಿನಿಗೆ ಸೋಡಿಯಮ್ ತುಂಬಿದ ವಾಲ್ವುಗಳನ್ನು ಹಾಕಿದರು. ಫಾರ್ನ್‌ಬರೋವಿನಲ್ಲಿ ಮೊಳೆತ ವಿಚಾರವು ಡೇಟನ್ನಿನಲ್ಲಿ ಫಲಿಸಿ ಡರ್ಬಿಗೆ ಹಿಂತಿರುಗಿತೆನ್ನಬಹುದು. ಡರ್ಬಿಯ ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಪರೀಕ್ಷೆಗಳು ನಡೆದವು. ಒಂದು ಗಂಟೆ ಪೂರ್ಣಶಕ್ತಿಯಿಂದ ಓಡಬೇಕೆಂಬುದು ನಿಯಮ. ಇಪ್ಪತ್ತು ನಿಮಿಷಕ್ಕೆ ಒಂದು ಭಾಗ ಮುರಿದರೆ ಅದನ್ನು ಸರಿಪಡಿಸುವುದು, ಮೂವತ್ತಕ್ಕೆ ಇನ್ನೊಂದು ಮುರಿದರೆ ಅದನ್ನು ಸರಿಪಡಿಸುವುದು, ಹೀಗೆ. ಕಡೆಗೆ ಆಗಸ್ಟಿನಲ್ಲಿ ಎಂಜಿನು ೨,೩೫೦ ಅಶ್ವಶಕ್ತಿಯಲ್ಲಿ ಗಂಟೆಯನ್ನು ಪೂರೈಸಿತು. ಸೆಪ್ಟೆಂಬರ್ ೧೩ರಂದು ಪಂದ್ಯವನ್ನು ಗೆದ್ದಾಯಿತು. ೨೯ರಂದು ಸ್ಟೇನ್‌ಫರ್ತನು ಅದೇ ಜಾತಿಯ ಎಂಜಿನಿನಿಂದ ಗಂಟೆಗೆ ೪೦೭.೫ ಮೈಲಿ ಹಾರಿದನು. ನೀರಿನ ಮೇಲೆಯೂ ಈ ಎಂಜಿನಿನ ಆಳ್ವಿಕೆ ನಡೆಯಿತು. ೧೯೩೨ರಲ್ಲಿ ಗಾರ್ ವುಡ್ಡನು ನಾಲ್ಕು ಪ್ಯಾಕಾರ್ಡ್ ಎಂಜಿನುಗಳನ್ನು ಒಂದೇ ದೋಣಿಯಲ್ಲಿ ಹೂಡಿ ೧೨೪.೮೬ ಮೈಲಿಗೆ ಏರಿದನು. ಸರ್ ಮಾಲ್ಕಮ್ ಕ್ಯಾಂಪ್‌ಬೆಲ್ಲನು ೧೯೩೭ರಲ್ಲಿ ಒಂದೇ ಒಂದು ‘ಆರ್’ ಎಂಜಿನಿನಿಂದ ಆ ನಾಲ್ಕನ್ನು ಹಿಂದಿಕ್ಕಿ, ೧೯೩೯ರ ಆಗಸ್ಟ್ ೧೯ರಂದು ಕಾನಿಸ್ಟನ್ ಸರೋವರದಲ್ಲಿ ೧೪೧.೭೪ ಮೈಲಿಯನ್ನು ಮುಟ್ಟಿದನು. ಹದಿನೈದು ದಿನಗಳಲ್ಲಿ ಯುದ್ಧ ಬಂತು.

ವಾಲ್ವಿಗೆ ಬಂದ ಇನ್ನೊಂದು ಕಂಟಕ ಪೆಟ್ರೋಲಿನಿಂದ ಬಂದದ್ದು. ಅನಿಲವು ಅಕಾಲದಲ್ಲಿ ಬಡಿದು ಸಿಡಿಯುವುದನ್ನು ತಡೆಯಲು ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸುವ ಉಪಾಯವನ್ನು ಅಮೆರಿಕದ ಮಿಡ್‌ಗ್ಲಿಯು ೧೯೨೧ರಲ್ಲಿ ಕಂಡುಹಿಡಿದಿದ್ದನು. ಸೀಸವು ಬಡಿತವನ್ನು ನಿಲ್ಲಿಸಿತು. ಆದರೆ ಉರಿದ ಮೇಲೆ ಉಳಿದ ಸೀಸದ ಬೂದಿಯು ಕಾದ ವಾಲ್ವಿನ ಮೇಲೆ ಕುಳಿತು ಉಕ್ಕನ್ನು ತಿಂದಿತು. ಆ ಬೂದಿಯನ್ನು ಹೊಗೆಯೊಡನೆ ಹೊರದೂಡಲು ಬ್ರೋಮಿನ್ ಬೇಕಾಯಿತು. ಬ್ರೋಮಿನ್ನನ್ನು ಸಮುದ್ರದ ನೀರಿನಿಂದಲೇ ತೆಗೆಯಬೇಕಾಯಿತು. ವಾಲ್ವಿನ ಅಂಚಿಗೂ ಪೀಠಕ್ಕೂ ಕೋಬಾಲ್ಟ್ ಮತ್ತು ಕ್ರೋಮಿಯಮ್ಮುಗಳ ಮಿಶ್ರಣವಾದ ಸ್ಟೆಲೈಟೆಂಬ ಗಟ್ಟಿಲೋಹವನ್ನು ಕರಗಿಸಿ ಲೇಪಿಸುವ ಪದ್ಧತಿಯೂ ಬಂತು. ಸೀಸದ ಪೆಟ್ರೋಲು ಮನುಷ್ಯರಿಗೆ ಮಾಡಿದ ಕೇಡು ಬೇರೆಯೇ ಒಂದು ಕಥೆ. ಬೀದಿಯ ಮೋಟಾರುಗಳಿಂದ ಅದು ಜಗತ್ತಿನಲ್ಲೆಲ್ಲ ತೊಲಗಲು ೨೦೨೧ನೆಯ ಇಸವಿ ಬರಬೇಕಾಯಿತು.

ಇಷ್ಟು ಕೇಳಿದವರಿಗೆ, ಹೊಸದೆಲ್ಲ ಮೇಲು ಎಂಬ ಭಾವನೆ ಬಂದೀತು. ಹಾಗಲ್ಲವೆನ್ನುವುದಕ್ಕೆ ರೋಲ್ಸ್-ರಾಯ್ಸಿನವರ ಮುಂದಿನ ಎಂಜಿನಾದ ‘ಮರ್ಲಿನ್’ ಸಾಕ್ಷಿ. ಅದರ ಮೊದಲ ಮಾದರಿಗಳಿಗೆ ವಾಲ್ವುಗಳನ್ನು ಓರೆಯಾಗಿ ಇಟ್ಟ ಹೊಸ ಆಕಾರದ ಹೆಡ್ಡನ್ನು ರಚಿಸಿದರು. ಒಂದೇ ಸಿಲಿಂಡರಿನ ಪ್ರಯೋಗಯಂತ್ರದಲ್ಲಿ ಅದು ಬಹಳ ಚೆನ್ನಾಗಿ ಕಂಡಿತು. ಹನ್ನೆರಡು ಸಿಲಿಂಡರುಗಳ ಪೂರ್ಣ ಎಂಜಿನಿನಲ್ಲಿ ಹೆಡ್ಡುಗಳು ಬಿರಿದವು, ವಾಲ್ವುಗಳು ಕೆಟ್ಟವು. ೧೯೩೬ರ ಮಾರ್ಚಿನಲ್ಲಿ ಒಂದು ಮಾದರಿಯು ಸೈನ್ಯದ ನೂರು ಗಂಟೆಗಳ ಪರೀಕ್ಷೆಯಲ್ಲಿ ಸೋತಿತು. ಆಗ ಕಾರ್ಖಾನೆಯವರು ಮಾಡಿದುದು ನಮಗೆ ಬಹಳ ಮೆಚ್ಚಿಗೆಯಾದ ಕೆಲಸ. ಆ ಹೊಸ ಹೆಡ್ಡನ್ನು ಪಕ್ಕಕ್ಕಿಟ್ಟು, ತಮ್ಮ ಹಳೆಯ ‘ಕೆಸ್ಟ್ರೆಲ್’ ಎಂಜಿನಿನ ಚಪ್ಪಟೆಯ ಹೆಡ್ಡನ್ನೇ, ವಾಲ್ವುಗಳು ನೆಟ್ಟಗೆ ಸಾಲಾಗಿ ನಿಂತಿರುವುದನ್ನು, ದೊಡ್ಡದು ಮಾಡಿ ಹಾಕಿದರು. ಸ್ಪಿಟ್‌ಫೈರ್ ವಿಮಾನಗಳನ್ನು ಯುದ್ಧದಲ್ಲಿ ಹಾರಿಸಿದುದು ಈ ‘ಹಿಂದಕ್ಕೆ ಹೋದ’ ಹೆಡ್ಡೇ. ಅದರಲ್ಲಿಯೂ ಒಂದು ದೋಷ ಉಳಿದಿತ್ತು: ಹೆಡ್ಡನ್ನೂ ಸಿಲಿಂಡರಿನ ಹೊರಮೈಯನ್ನೂ ಒಂದೇ ಎರಕವಾಗಿ ಹೊಯ್ದಿದ್ದುದರಿಂದ ಒಳಗಿನ ಕೊಳವೆಯ ಮೇಲ್ತುದಿಯ ಕೂಡುಗೆಯಲ್ಲಿ ತಂಪಿನ ನೀರು ಸೋರುತ್ತಿತ್ತು. ಎರಡನ್ನೂ ಬೇರೆಬೇರೆಯಾಗಿ ಹೊಯ್ಯುವ ನಕ್ಷೆಯು ಸಿದ್ಧವಾಗಿದ್ದರೂ, ಯುದ್ಧದ ಅವಸರದಲ್ಲಿ ತಯಾರಿಕೆಯನ್ನು ನಿಲ್ಲಿಸಿ ಬದಲಾಯಿಸುವಂತಿರಲಿಲ್ಲ. ಸೋರುವುದೆಂದು ಗೊತ್ತಿದ್ದ ಎಂಜಿನನ್ನೇ ಸಾವಿರಗಟ್ಟಲೆ ಮಾಡಿ ಕಳುಹಿಸಬೇಕಾಯಿತು. ಮೊದಲು ಅಮೆರಿಕದ ಪ್ಯಾಕಾರ್ಡ್ ಕಾರ್ಖಾನೆಯವರು, ಆಮೇಲೆ ೧೯೪೨ರಲ್ಲಿ ಡರ್ಬಿಯವರು ಎರಡು ತುಂಡಿನ ರಚನೆಗೆ ಬಂದರು.

ಮರ್ಲಿನ್ನೂ ನೀರಿಗೆ ಇಳಿಯಿತು. ೧೯೩೯ರಲ್ಲಿ ಸ್ಕಾಟ್-ಪೇನ್ ಎಂಬ ಆಂಗ್ಲ ದೋಣಿಗಾರನು ಮೂರು ಮರ್ಲಿನ್ನುಗಳುಳ್ಳ ಎಪ್ಪತ್ತು ಅಡಿಯ ದೋಣಿಯೊಂದನ್ನು ಅಮೆರಿಕದವರಿಗೆ ಮಾರಿದನು. ಅವರ ನೌಕಾಪಡೆಯ ಟಾರ್ಪೆಡೋ ದೋಣಿಗಳಿಗೆ ಅದೇ ಮೇಲ್ಪಂಕ್ತಿಯಾಯಿತು. ಆದರೆ ಮರ್ಲಿನ್ನುಗಳೆಲ್ಲ ವಿಮಾನಗಳಿಗೆ ಬೇಕಾಗಿದ್ದುದರಿಂದ ಆ ದೋಣಿಗಳಿಗೆ ಪ್ಯಾಕಾರ್ಡಿನ ಸ್ವಂತ ಎಂಜಿನುಗಳನ್ನು ಹಾಕಿದರು. ಗಾರ್ ವುಡ್ಡನ ಪಂದ್ಯದ ದೋಣಿಗಳಲ್ಲಿ ಪಳಗಿದ ವಂಶ ಅದು. ಯುದ್ಧ ನಡೆಯುತ್ತಿದ್ದಂತೆಯೇ ಅದರ ಶಕ್ತಿಯನ್ನು ೧,೨೦೦ರಿಂದ ೧,೩೫೦ಕ್ಕೂ ಅಲ್ಲಿಂದ ೧,೫೦೦ ಅಶ್ವಶಕ್ತಿಗೂ ಏರಿಸಿದರು. ಮುಂದೆ ಅಮೆರಿಕದ ಅಧ್ಯಕ್ಷನಾದ ಕೆನಡಿಯು ೧೯೪೩ರ ಆಗಸ್ಟಿನಲ್ಲಿ ಕಳೆದುಕೊಂಡ ದೋಣಿಯಲ್ಲಿದ್ದುದೂ ಇಂಥ ಮೂರು ಎಂಜಿನುಗಳೇ.

ಯುದ್ಧ ಮುಗಿದ ಮೇಲೆ ಬೇಡವಾದ ವಿಮಾನದ ಎಂಜಿನುಗಳನ್ನು ಪಂದ್ಯದ ದೋಣಿಗಾರರು ಅಗ್ಗಕ್ಕೆ ಕೊಂಡರು. ೧೯೫೦ರ ಜೂನ್ ೨೬ರಂದು ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದಲ್ಲಿ ‘ಸ್ಲೋ-ಮೋ-ಷನ್ ೪’ ಎಂಬ ದೋಣಿಯು ಆಲಿಸನ್ ಎಂಜಿನಿನಿಂದ ಗಂಟೆಗೆ ೧೬೦.೩೨ ಮೈಲಿ ಓಡಿ ಕ್ಯಾಂಪ್‌ಬೆಲ್ಲನ ಹಳೆಯ ದಾಖಲೆಯನ್ನು ಮುರಿಯಿತು. ಆ ದೋಣಿಯ ಪ್ರೊಪೆಲ್ಲರು ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತಿತ್ತು. ಆ ಎಂಜಿನಿನ ಹೊರಬಾಗಿಲ ವಾಲ್ವುಗಳಲ್ಲಿಯೂ ಇದ್ದುದು ಹೆರಾನನ ಸೋಡಿಯಮ್ಮೇ. ಐದು ವರ್ಷಗಳ ತರುವಾಯ, ೧೯೫೫ರ ಜುಲೈ ೨೩ರಂದು, ಮಾಲ್ಕಮನ ಮಗ ಡಾನಲ್ಡ್ ಕ್ಯಾಂಪ್‌ಬೆಲ್ಲನು ಜೆಟ್ ಎಂಜಿನಿನ ದೋಣಿಯಲ್ಲಿ ೨೦೨.೩೨ ಮೈಲಿಯನ್ನು ದಾಟಿದನು. ಜೆಟ್ಟಿನಲ್ಲಿ ಪಿಸ್ಟನ್ನೂ ಇಲ್ಲ, ಹೆಡ್ಡೂ ಇಲ್ಲ, ವಾಲ್ವೂ ಇಲ್ಲ. ನೀರಿನ ವೇಗದ ದಾಖಲೆಯಲ್ಲಿ ವಾಲ್ವಿನ ಕಾಲ ಅಲ್ಲಿಗೆ ಮುಗಿಯಿತು.

ದಾಖಲೆಯಲ್ಲಿ ಮುಗಿದರೂ ಬಳಕೆಯಲ್ಲಿ ಮುಗಿಯಲಿಲ್ಲ. ಹೆರಾನನು ೧೯೬೩ರಲ್ಲಿ ತೀರಿಕೊಂಡನು. ಆತನ ವಾಲ್ವು ಇಂದಿಗೂ ವೇಗದ ಮೋಟಾರು ಗಾಡಿಗಳಲ್ಲಿಯೂ ಸಣ್ಣ ವಿಮಾನಗಳಲ್ಲಿಯೂ ಕುಣಿಯುತ್ತಿದೆ. ೧೯೩೧ರ ‘ಆರ್’ ಎಂಜಿನುಗಳಲ್ಲಿ ಒಂದನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿಯೂ ಇನ್ನೊಂದನ್ನು ಅಲ್ಲಿಯ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿಯೂ ಇರಿಸಿದ್ದಾರೆ. ಹಳೆಯ ಎಂಜಿನುಗಳನ್ನು ಬಿಚ್ಚುವ ಮೇಸ್ತ್ರಿಗಳಿಗೆ ಕಾರ್ಖಾನೆಯ ಕೈಪಿಡಿಗಳು ಈಗಲೂ ಒಂದು ಎಚ್ಚರಿಕೆಯನ್ನು ಕೊಡುತ್ತವೆ: ಸೋಡಿಯಮ್ ತುಂಬಿದ ವಾಲ್ವನ್ನು ಗರಗಸದಿಂದ ಕೊಯ್ಯಬಾರದು, ಗುಜರಿಯ ರಾಶಿಗೆ ಹಾಗೆಯೇ ಎಸೆಯಲೂ ಬಾರದು; ಒಡೆದದ್ದರ ಮೇಲೆ ಮಳೆಹನಿ ಬಿದ್ದರೆ ಬೆಂಕಿ ಏಳುತ್ತದೆ.